ಅಂಗಡಿ ವಹಿಸಿಕೊಳ್ಳುವ ಮೊದಲು ಮೂಲೆಯ ಕಂಪ್ಯೂಟರ್ ಎದುರು ಒಂದು ದಿನ ಕೂರಿ

ಕಾಪುವಿನಿಂದ ಸ್ವಲ್ಪ ಒಳಗೆ ಒಂದು ಸಣ್ಣ ಮುದ್ರಣಾಲಯ ಉಂಟು. ಪ್ರೆಸ್ಸಿನ ಹೆಸರು ಬೇಡ. ಮದುವೆ ಕಾಗದ, ನೇಮದ ಆಮಂತ್ರಣ, ಬಯಲಾಟದ ಕರಪತ್ರ, ಭಜನಾ ಮಂದಿರದ ರಶೀದಿ ಪುಸ್ತಕ, ಇಷ್ಟೇ ಅಲ್ಲಿನ ಕೆಲಸ. ಯಜಮಾನರಿಗೆ ಎಪ್ಪತ್ತು ದಾಟಿದೆ, ಮೊಣಕಾಲು ನೋವು. ಮಗ ಬೆಂಗಳೂರಿನಲ್ಲಿ, ಮಗಳು ಅಳಿಯ ಮಸ್ಕತ್ತಿನಲ್ಲಿ. ಯಾರೂ ಬಂದು ನಡೆಸುವ ಅಂದಾಜಿಲ್ಲ.

ಒಂದು ದಿನ ಅವರು ನಮ್ಮನ್ನು ಕರೆದು ಕೂರಿಸಿ ಹೇಳಿದರು: "ನೀವು ಪೇಪರ್ ಕೆಲಸ ಓದಿದವರಲ್ವಾ ಮಕ್ಕಳೇ, ಇದು ನಿಮಗೆ ಹತ್ರದ್ದೇ. ನೀವೇ ನಡೆಸಿ. ಅರ್ಧ ಹಣ ಈಗ ಕೊಡಿ, ಉಳಿದದ್ದು ಕಂತಿನಲ್ಲಿ."

ನಾವು ಮೂವರು. ಪತ್ರಿಕೋದ್ಯಮ ಓದಿ, ಊರಿನಲ್ಲೇ ಇದ್ದು ಏನಾದರೂ ಮಾಡಬೇಕೆಂದು ಹೊರಟವರು. ಬ್ಲಾಗು ಹೊಟ್ಟೆ ತುಂಬಿಸುವುದಿಲ್ಲ ಎಂಬುದು ನಿಮಗೆ ನಾವು ಹೇಳಬೇಕಾಗಿಲ್ಲ. ಹಾಗಾಗಿ ಆಸೆ ಹುಟ್ಟಿತು.

ಎರಡು ಸಲ ಹೋಗಿ ನೋಡಿಬಂದೆವು. ಆಫ್‌ಸೆಟ್ ಯಂತ್ರ ಓಡಿಸಿ ನೋಡಿದೆವು. ಕಾಗದ ಕತ್ತರಿಸುವ ಮೆಷಿನ್ನಿನ ಬ್ಲೇಡು ಮುಟ್ಟಿ ನೋಡಿದೆವು. ಕಟ್ಟಡದ ಬಾಡಿಗೆ ಕರಾರು, ಮೆಸ್ಕಾಂ ಬಿಲ್ಲು, ಪಂಚಾಯತಿನ ಪರವಾನಗಿ ಎಲ್ಲ ನೋಡಿದೆವು. ಮೂಲೆಯಲ್ಲಿ ಮೇಜಿನ ಮೇಲೆ ಪ್ಲಾಸ್ಟಿಕ್ ಹೊದಿಕೆ ಹಾಕಿದ ಎರಡು ಕಂಪ್ಯೂಟರ್ ಇದ್ದವು. "ಅದು ಹಳೆಯದು, ಅದಕ್ಕೆ ನಾನು ರೇಟೇ ಹಾಕಲಿಲ್ಲ" ಎಂದರು ಯಜಮಾನರು. ನಮಗೂ ಖುಷಿಯಾಯಿತು, ಪುಕ್ಕಟೆ ಸಿಕ್ಕಿತಲ್ಲ ಎಂದು. ನಮ್ಮ ತಪ್ಪು ಶುರುವಾದದ್ದು ಅಲ್ಲಿಂದಲೇ.

ಮುಂಗಡ ಕೊಡಲು ಮೂರನೇ ಸಲ ಹೋದ ದಿನ ಅಲ್ಲಿ ಡಿಟಿಪಿ ಮಾಡುವ ಅಕ್ಕ ಬಂದಿರಲಿಲ್ಲ. ಅವರ ಮಗುವಿಗೆ ಜ್ವರ. ಅಷ್ಟರಲ್ಲಿ ಒಂದು ದೈವಸ್ಥಾನದ ಸಮಿತಿಯವರು ಇಬ್ಬರು ಬಂದರು. ಹೋದ ವರ್ಷದ್ದೇ ಆಮಂತ್ರಣ, ತಾರೀಕು ಮತ್ತು ಇಬ್ಬರು ಅತಿಥಿಗಳ ಹೆಸರು ಬದಲಾಗಬೇಕು, ಸಂಜೆಯೊಳಗೆ ಪ್ರೂಫ್ ಬೇಕು ಎಂದರು. ಐದು ನಿಮಿಷದ ಕೆಲಸ. ಯಜಮಾನರು ನಮ್ಮ ಕಡೆ ನೋಡಿದರು. ನಾವು ಕಂಪ್ಯೂಟರ್ ಎದುರು ಕೂತೆವು. ದೈವಸ್ಥಾನದ ಹೆಸರಿನಲ್ಲಿ ಹುಡುಕಿದೆವು, ಊರಿನ ಹೆಸರಿನಲ್ಲಿ ಹುಡುಕಿದೆವು, ಸಿಗಲಿಲ್ಲ. ಕಡೆಗೆ ಸಿಕ್ಕಿದ ಯಾವುದೋ ಒಂದು ಫೈಲನ್ನು ನಮ್ಮ ಲ್ಯಾಪ್‌ಟಾಪಿಗೆ ಹಾಕಿ ತೆರೆಯಲು ನೋಡಿದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚುಕ್ಕಿ, ಗೆರೆಗಳ ರಾಶಿ. ಮಧ್ಯಾಹ್ನದ ಹೊತ್ತಿಗೆ ಸಮಿತಿಯವರು ಬೇರೆ ಪ್ರೆಸ್ಸಿಗೆ ಹೋದರು.

ಮುಂಗಡದ ಹಣ ನಮ್ಮ ಕಿಸೆಯಲ್ಲೇ ಉಳಿಯಿತು. ಯಜಮಾನರಲ್ಲಿ ಒಂದು ದಿನ ಕೇಳಿದೆವು. ಕೊಡು-ಕೊಳ್ಳುವ ಮಾತು ಏನೂ ಬೇಡ, ಅಕ್ಕ ಬಂದ ಮೇಲೆ ಅವರ ಪಕ್ಕ ಬೆಳಗ್ಗಿಂದ ಸಂಜೆಯವರೆಗೆ ಸುಮ್ಮನೆ ಕೂರುತ್ತೇವೆ ಎಂದು. ಅವರಿಗೆ ಸ್ವಲ್ಪ ಬೇಸರವಾಯಿತು. "ನನ್ನ ಮೇಲೆ ನಂಬಿಕೆ ಇಲ್ವಾ?" ಎಂದರು. ನಮ್ಮ ಊರುಗಳಲ್ಲಿ ಎಷ್ಟೋ ಜನ ಈ ಒಂದು ಪ್ರಶ್ನೆಗೆ ಹೆದರಿ, ನೋಡಬೇಕಾದ್ದನ್ನು ನೋಡದೆ ದಾಕ್ಷಿಣ್ಯಕ್ಕೆ ಕೈಹಾಕಿ ಮುಳುಗುತ್ತಾರೆ. ಜಾಗ ತೆಗೆದುಕೊಳ್ಳುವಾಗ ಪಹಣಿ ಕೇಳುವುದಕ್ಕೆ, ಬಾವಿಯಲ್ಲಿ ಮೇ ತಿಂಗಳಲ್ಲಿ ನೀರು ಎಷ್ಟಿರುತ್ತದೆ ಎಂದು ಕೇಳುವುದಕ್ಕೆ ಯಾರಿಗೂ ನಾಚಿಕೆಯಿಲ್ಲ. ಅಂಗಡಿಯ ಕಂಪ್ಯೂಟರ್ ಬಗ್ಗೆ ಕೇಳಿದರೆ ಮಾತ್ರ ಅವಮಾನವಾಗುತ್ತದೆ.

ಆ ಒಂದು ದಿನ ನಾವು ಕಂಡದ್ದನ್ನು ಬರೆಯುತ್ತೇವೆ. ನಿಮ್ಮ ಮಾವನ ಮೆಡಿಕಲ್ ಶಾಪೋ, ಕಾರ್ಕಳದ ಯಾರದೋ ಗೇರುಬೀಜ ಕಾರ್ಖಾನೆಯ ಲೆಕ್ಕವೋ, ಊರಿನ ಅಕ್ಕಿ ಗಿರಣಿಯೋ ನಿಮ್ಮ ಕೈಗೆ ಬರುವುದಿದ್ದರೆ ಕಾಣುವುದು ಹೆಚ್ಚುಕಡಿಮೆ ಇದೇ.

ಬೆಳಗ್ಗೆ ಅಕ್ಕ ಸ್ವಿಚ್ ಹಾಕಿದರು. ತೆರೆಯ ಮೇಲೆ ಏನೋ ಬಂತು, ಒಂದು ಕೀಲಿ ಒತ್ತಿದರು, ಆಮೇಲೆ ಕೆಳಮೂಲೆಗೆ ಹೋಗಿ ತಾರೀಕು ಸರಿ ಮಾಡಿದರು. "ಇದು ಯಾವಾಗಲೂ 2002ರ ಜನವರಿ ಒಂದರಲ್ಲೇ ಏಳುವುದು" ಎಂದು ನಕ್ಕರು. ಕಂಪ್ಯೂಟರಿನ ಒಳಗೆ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ. ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವುದು ಅದು. ಅದು ಸತ್ತು ಎಷ್ಟು ವರ್ಷವಾಯಿತೋ! ಐವತ್ತು ರೂಪಾಯಿಯೊಳಗೆ ಮುಗಿಯುವ ಕೆಲಸ. ಆದರೆ ಅದಕ್ಕಾಗಿ ಅಕ್ಕ ದಿನಾ ತಾರೀಕು ತಿದ್ದುತ್ತಿದ್ದರು. ತಿದ್ದಲು ಮರೆತ ದಿನ ಬಿಲ್ಲಿನ ಲೆಕ್ಕ ಕೆಡುತ್ತದೆ ಎಂದು ಬಿಲ್ಲನ್ನೇ ಕೈಯಲ್ಲಿ ಬರೆಯುತ್ತಿದ್ದರು. ಜಿಎಸ್‌ಟಿ ಬಿಲ್ಲು ಕೇಳುವ ಗಿರಾಕಿಗಳಿಗೆ ಮಾತ್ರ ಎರಡನೇ ಕಂಪ್ಯೂಟರ್.

ಮೊದಲನೆಯದು ವಿಂಡೋಸ್ ಎಕ್ಸ್‌ಪಿ. ಅದಕ್ಕೆ ಕಂಪನಿಯ ಬೆಂಬಲ 2014ರ ಏಪ್ರಿಲ್ 8ಕ್ಕೆ ಮುಗಿದಿದೆ. ಎರಡನೆಯದು ವಿಂಡೋಸ್ 7, ಅದರದ್ದು 2020ರ ಜನವರಿ 14ಕ್ಕೆ. ಮೊದಲನೆಯದಕ್ಕೆ ಇಂಟರ್ನೆಟ್ ಇಲ್ಲ. ನಾವು ಮುಖ ಮುಖ ನೋಡಿಕೊಂಡೆವು, ಈ ಕಾಲದಲ್ಲೂ ಹೀಗಾ ಎಂದು. ಅಕ್ಕನೇ ಹೇಳಿದರು: "ಒಮ್ಮೆ ಮಿಂಚಿಗೆ ಮೋಡೆಮ್ ಹೋಯಿತು, ವೈರಿನಿಂದ ಕಂಪ್ಯೂಟರಿಗೂ ಬಂತು. ಅವತ್ತಿನಿಂದ ನಾನೇ ವೈರ್ ತೆಗೆದಿಟ್ಟೆ. ವೈರಸ್ಸೂ ಬರುವುದಿಲ್ಲ." ಹಳೆಯ ಎಕ್ಸ್‌ಪಿ ಯಂತ್ರಕ್ಕೆ ಇದಕ್ಕಿಂತ ಒಳ್ಳೆಯ ರಕ್ಷಣೆ ಯಾವ ಇಂಜಿನಿಯರೂ ಹೇಳಿಕೊಡುವುದಿಲ್ಲ. ನಾವು ಹೋದ ದಿನವೇ ಜಾಣರಂತೆ ವೈಫೈ ಹಾಕಿಸಿ ಬಿಡುತ್ತಿದ್ದೆವೋ ಏನೋ.

ಹಿಂದೆ ಒಂದು ಪಾರ್ಟಿಗೆ ಡಾಂಗಲ್ ಚುಚ್ಚಿತ್ತು. ಹೆಬ್ಬೆರಳಿನಷ್ಟು ಪ್ಲಾಸ್ಟಿಕ್ ತುಂಡು. ಕನ್ನಡ ಅಕ್ಷರದ ತಂತ್ರಾಂಶ ಅದಿದ್ದರೆ ಮಾತ್ರ ಏಳುತ್ತದೆ. ಅದು ಕೂರುವ ಅಗಲದ ಹಳೆಯ ಪೋರ್ಟ್ ಈಗಿನ ಕಂಪ್ಯೂಟರಿನಲ್ಲಿ ಇಲ್ಲವೇ ಇಲ್ಲ. ಅಂದರೆ ಆ ಕ್ಯಾಬಿನೆಟ್ಟಿನ ಬೋರ್ಡ್ ಹೋದರೆ ತಂತ್ರಾಂಶವೂ ಹೋದ ಹಾಗೆ. ಕ್ಯಾಬಿನೆಟ್ ಬಿಚ್ಚಿ ನೋಡಿದಾಗ ಒಳಗೆ ಇರುವೆ ಗೂಡು, ಹಲ್ಲಿಯ ಮೊಟ್ಟೆಯ ಸಿಪ್ಪೆ, ಸ್ಕ್ರೂಗಳ ಮೇಲೆ ತುಕ್ಕು. ಸಮುದ್ರ ಒಂದು ಕಿಲೋಮೀಟರಿನೊಳಗೆ ಇದ್ದರೆ ಉಪ್ಪುಗಾಳಿ ಯಾರನ್ನೂ ಬಿಡುವುದಿಲ್ಲ.

ಇನ್ನು ಫೈಲುಗಳು. ನಾವು ಬೆಳಗ್ಗಿಂದ ಹುಡುಕಿದರೂ ಸಿಗದ ಆಮಂತ್ರಣವನ್ನು ಅಕ್ಕ ಮೂರು ಕ್ಲಿಕ್ಕಿನಲ್ಲಿ ತೆಗೆದರು. ಫೈಲಿಗೆ ಇಟ್ಟದ್ದು ದೈವಸ್ಥಾನದ ಹೆಸರಲ್ಲ, ಕಾಗದ ಮಾಡಿಸಲು ಬರುವವರ ಮನೆಯ ಹೆಸರು. ನಮ್ಮ ಕಡೆ ಜನರನ್ನು ಮನೆ ಹೆಸರಿನಿಂದಲೇ ಗುರುತಿಸುವುದಲ್ಲವೇ, ಅಕ್ಕನಿಗೆ ಅದು ಸಹಜ. ಹದಿನೇಳು ವರ್ಷದ ಕೆಲಸ ಹೀಗೆ ಮನೆ ಹೆಸರುಗಳ ಕೆಳಗೆ ಮಲಗಿತ್ತು.

ಅಕ್ಷರಗಳ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಕರ್ನಾಟಕದ ಪ್ರತಿಯೊಂದು ಹಳೆಯ ಡಿಟಿಪಿ ಅಂಗಡಿಯ, ಎಷ್ಟೋ ಸಹಕಾರಿ ಸಂಘಗಳ, ಶಾಲೆಗಳ ಕಂಪ್ಯೂಟರಿನೊಳಗೆ ಈ ಸಮಸ್ಯೆ ಉಂಟು. ಶ್ರೀಲಿಪಿ, ಹಳೆಯ ನುಡಿ, ಹಳೆಯ ಬರಹ ಇವುಗಳಲ್ಲಿ ಬೆರಳಚ್ಚು ಮಾಡಿದಾಗ ಕಂಪ್ಯೂಟರ್ ಒಳಗೆ ಉಳಿಯುತ್ತಿದ್ದದ್ದು ಕನ್ನಡವಲ್ಲ. ಇಂಗ್ಲಿಷ್ ಅಕ್ಷರಗಳ ಸಂಖ್ಯೆ ಉಳಿಯುತ್ತಿತ್ತು, ಅದರ ಮೇಲೆ ಕನ್ನಡದ ಚಿತ್ರದ ಮುಖವಾಡ. ಆ ಫಾಂಟ್ ಇಲ್ಲದ ಕಡೆ ಮುಖವಾಡ ಕಳಚುತ್ತದೆ, ನಮ್ಮ ಲ್ಯಾಪ್‌ಟಾಪಿನಲ್ಲಿ ಆದದ್ದು ಅದೇ. ನೀವು ಈಗ ಫೋನಿನಲ್ಲಿ ಓದುತ್ತಿರುವುದು ಯುನಿಕೋಡ್. ಅದರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಜಗತ್ತೆಲ್ಲ ಒಪ್ಪಿದ ಸ್ವಂತ ಸಂಖ್ಯೆ ಉಂಟು. ಹಳೆಯದನ್ನು ಯುನಿಕೋಡಿಗೆ ಬದಲಿಸುವ ಉಪಕರಣಗಳು ಪುಕ್ಕಟೆ ಸಿಗುತ್ತವೆ. ಆದರೆ ಶ್ರೀಲಿಪಿಯ ಸಂಖ್ಯೆ ಬೇರೆ, ನುಡಿಯದ್ದು ಬೇರೆ. ಒಂದೇ ಪುಟದಲ್ಲಿ ಎರಡೂ ಇದ್ದರೆ ಒಂದು ಸರಿಯಾದಾಗ ಇನ್ನೊಂದು ಕೆಡುತ್ತದೆ. ನಡುವೆ ಇಂಗ್ಲಿಷಿನಲ್ಲಿ ಬರೆದ ಹೆಸರಿದ್ದರೆ ಅದೂ ವಿಚಿತ್ರ ಕನ್ನಡವಾಗುತ್ತದೆ. ಒತ್ತಕ್ಷರ, ಅರ್ಕಾವತ್ತು ಕಣ್ಣಿಟ್ಟು ತಿದ್ದಬೇಕು. ಇದರ ಮೇಲೆ, ಪುಟ ಜೋಡಿಸಿದ್ದು ಪೇಜ್‌ಮೇಕರಿನಲ್ಲಿ. ಅದರ ಕೊನೆಯ ದೊಡ್ಡ ಆವೃತ್ತಿಯಾದ 7 ಬಂದದ್ದು 2001ರಲ್ಲಿ. ಅದಕ್ಕೆ ಯುನಿಕೋಡ್ ಕನ್ನಡ ಅರ್ಥವಾಗುವುದಿಲ್ಲ. ಹಾಗಾಗಿ "ಹೊಸ ಕಂಪ್ಯೂಟರ್ ತನ್ನಿ, ಎಲ್ಲ ಕಾಪಿ ಮಾಡಿ" ಎಂದು ಹೇಳುವವರಿಗೆ ಕಾಪಿ ಮಾಡಿದ ಮೇಲೆ ಏನಾಗುತ್ತದೆ ಎಂದು ಗೊತ್ತಿರುವುದಿಲ್ಲ.

ಬ್ಯಾಕಪ್ ಉಂಟಾ ಎಂದು ಕೇಳಿದೆವು. "ಉಂಟಲ್ಲ" ಎಂದು ಯಜಮಾನರು ಕಪಾಟಿನಿಂದ ಒಂದು ಹಾರ್ಡ್‌ಡಿಸ್ಕ್ ತಂದರು. ಒಬ್ಬ ಹುಡುಗ ಬಂದು ಮಾಡಿಕೊಟ್ಟದ್ದಂತೆ. ತೆರೆದು ನೋಡಿದರೆ ನೂರಾರು ಫೋಲ್ಡರಿನ ಚಿತ್ರ. ಒತ್ತಿದರೆ ಒಂದೂ ತೆರೆಯುವುದಿಲ್ಲ. ಹುಡುಗ ಕಾಪಿ ಮಾಡಿದ್ದು ಫೈಲುಗಳನ್ನಲ್ಲ, ಡೆಸ್ಕ್‌ಟಾಪಿನ ಮೇಲಿದ್ದ ಶಾರ್ಟ್‌ಕಟ್‌ಗಳನ್ನು. ಬಾಗಿಲಿನ ಫೋಟೋ ತೆಗೆದು ಮನೆ ಸಾಗಿಸಿದೆ ಎಂದ ಹಾಗೆ. ಇಷ್ಟು ವರ್ಷ ಆ ಡಿಸ್ಕನ್ನು ಬಂಗಾರದಂತೆ ಬೀಗ ಹಾಕಿ ಇಟ್ಟಿದ್ದರು ಪಾಪ.

ಸಂಜೆಗೆ ಇನ್ನೆರಡು ವಿಷಯ ತಿಳಿಯಿತು. ಪ್ರೆಸ್ಸಿನ ಇಮೇಲಿಗೆ, ಜಿಎಸ್‌ಟಿ ಲಾಗಿನ್ನಿಗೆ ಕೊಟ್ಟ ಮೊಬೈಲ್ ನಂಬರ್ ಅಳಿಯನದ್ದು. ಯಾವಾಗಲೋ ರಜೆಯಲ್ಲಿ ಬಂದಾಗ ಅವರೇ ಮಾಡಿಕೊಟ್ಟದ್ದು. ಒಟಿಪಿ ಬರುವುದು ಮಸ್ಕತ್ತಿಗೆ. ಅವರು ಡ್ಯೂಟಿ ಮುಗಿಸಿ ಫೋನ್ ನೋಡುವವರೆಗೆ ಇಲ್ಲಿ ಯಾರೂ ಲಾಗಿನ್ ಆಗುವ ಹಾಗಿಲ್ಲ.

ಎರಡನೆಯದು ಅದಕ್ಕಿಂತ ದೊಡ್ಡದು. ಗಿರಾಕಿಗಳು ಮ್ಯಾಟರ್ ಕಳಿಸುವುದು, ಪ್ರೂಫ್ ನೋಡಿ ಸರಿ ಎನ್ನುವುದು ಎಲ್ಲ ಅಕ್ಕನ ಸ್ವಂತ ವಾಟ್ಸ್ಯಾಪಿಗೆ. ಅವರದ್ದೇ ಫೋನು, ಅವರದ್ದೇ ರೀಚಾರ್ಜು. ರಾತ್ರಿ ಹತ್ತಕ್ಕೂ "ಅಕ್ಕ, ಅಜ್ಜಿಯ ಹೆಸರಿನ ಮುಂದೆ ದಿವಂಗತ ಹಾಕಬೇಡಿ, ಇನ್ನೂ ಇದ್ದಾರೆ" ಎಂದು ಮೆಸೇಜು ಬರುತ್ತದೆ. ಈ ಪ್ರೆಸ್ಸಿನ ಗಿರಾಕಿಗಳ ಪಟ್ಟಿ ಎಂದು ಏನಾದರೂ ಇದ್ದರೆ ಅದು ಆ ಫೋನಿನಲ್ಲಿದೆ. ಯಜಮಾನರು ಗುಡ್‌ವಿಲ್ ಎಂದು ಒಂದು ಮೊತ್ತ ಬರೆದಿದ್ದರಲ್ಲ, ಅದರಲ್ಲಿ ಹೆಚ್ಚಿನ ಪಾಲು ಯಾರದ್ದು?

ನಾವು ಹೇಳಬೇಕೆಂದಿದ್ದ ಮಾತು ಇದೇ. ಹಳೆಯ ಕಂಪ್ಯೂಟರ್ ಪರೀಕ್ಷೆ ಎಂದರೆ ರ‍್ಯಾಮ್ ಎಷ್ಟು, ಪ್ರೊಸೆಸರ್ ಯಾವುದು ಎಂದು ನೋಡುವುದಲ್ಲ. ಅದರ ಎದುರು ಕೂತವರು ದಿನವಿಡೀ ಏನು ಮಾಡುತ್ತಾರೆ, ಯಾವುದನ್ನು ಸುತ್ತಿ ಬಳಸಿ ಮಾಡುತ್ತಾರೆ, ಅವರು ನಾಳೆ ಬಾರದಿದ್ದರೆ ಯಾವ ಕೆಲಸ ನಿಲ್ಲುತ್ತದೆ ಎಂದು ನೋಡುವುದು. ಯಂತ್ರ ಹಳೆಯದಾದರೆ ಅಷ್ಟು ಅಪಾಯವಿಲ್ಲ. ಒಬ್ಬರ ತಲೆಯಲ್ಲಿ ಮಾತ್ರ ಇರುವ ಜ್ಞಾನಕ್ಕೆ ಬೆಲೆ ಹಾಕದೆ ಅಂಗಡಿ ಕೊಂಡರೆ ಅಪಾಯ.

ಉಡುಪಿಯವರಿಗೆ ಇದು ಹೊಸದೇನಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಶುರು ಮಾಡಿತು. ದಿನಕ್ಕೆ ಎರಡಾಣೆಯಿಂದ ಉಳಿತಾಯ, ಏಜೆಂಟರು ಮನೆಬಾಗಿಲಿಗೇ ಬಂದು ಸಂಗ್ರಹಿಸುವುದು. ಆ ವ್ಯವಸ್ಥೆಯ ಜೀವ ಇದ್ದದ್ದು ಲೆಡ್ಜರಿನಲ್ಲಿ ಮಾತ್ರವಲ್ಲ, ಯಾರ ಅಂಗಡಿಗೆ ಎಷ್ಟು ಹೊತ್ತಿಗೆ ಹೋದರೆ ಕೈಯಲ್ಲಿ ಚಿಲ್ಲರೆ ಇರುತ್ತದೆ ಎಂದು ಬಲ್ಲ ಪಿಗ್ಮಿ ಏಜೆಂಟರ ತಲೆಯಲ್ಲಿ ಕೂಡ.

ಅದೇ ಬ್ಯಾಂಕು 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಿನಲ್ಲಿ ಸೇರಿತು. ಅದೇ ದಿನ, 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ ಕಟ್ಟಿದ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ಸೇರಿತು. ನಮ್ಮ ಮನೆಗಳಲ್ಲಿ ಎಲ್ಲರಿಗೂ ಪಾಸ್‌ಬುಕ್ ಬದಲಾದ ನೆನಪುಂಟು. ಗಮನಿಸಬೇಕಾದದ್ದು ಒಂದು. ವಿಲೀನ ಆದ ದಿನವೇ ಸಿಂಡಿಕೇಟಿನ ಹಳೆಯ ಐಎಫ್‌ಎಸ್‌ಸಿ ಕೋಡ್ ಸಾಯಲಿಲ್ಲ. ‘ಎಸ್‌ವೈಎನ್‌ಬಿ’ ಎಂದು ಶುರುವಾಗುವ ಕೋಡುಗಳು 2021ರ ಜೂನ್ 30ರವರೆಗೆ ನಡೆದವು, ಅಂದರೆ ಹದಿನೈದು ತಿಂಗಳು. ಅಷ್ಟು ಸಮಯ ಕೊಟ್ಟರೂ ಗ್ಯಾಸ್ ಸಬ್ಸಿಡಿ, ಸಂಬಳ, ಸಾಲದ ಕಂತು ಎಂದು ಎಲ್ಲೆಲ್ಲಿ ಹಳೆಯ ಕೋಡ್ ಕೊಟ್ಟಿದ್ದೇವೆ ಎಂದು ಜನ ಹುಡುಕಿ ಹುಡುಕಿ ಸುಸ್ತಾದರು. ಅಷ್ಟು ದೊಡ್ಡ ಬ್ಯಾಂಕುಗಳೇ ಹಳೆಯದನ್ನೂ ಹೊಸದನ್ನೂ ಜೊತೆಗೆ ನಡೆಸಿದವು. ನಮ್ಮ ಅಂಗಡಿಯವರು ಮಾತ್ರ ಒಂದು ಭಾನುವಾರದಲ್ಲಿ ಎಲ್ಲ ಬದಲಿಸಲು ಹೊರಡುತ್ತಾರೆ.

ವಾರಾಂತ್ಯದಲ್ಲಿ ಬದಲಿಸಲು ಹೋಗಿ ಕೆಟ್ಟವರ ಕಥೆ ಬ್ರಿಟನ್ನಿನದ್ದು. ಟಿಎಸ್‌ಬಿ ಎಂಬ ಬ್ಯಾಂಕು 2018ರ ಏಪ್ರಿಲಿನಲ್ಲಿ ತನ್ನ ಲಕ್ಷಾಂತರ ಗ್ರಾಹಕರ ಖಾತೆಗಳನ್ನು ಹಳೆಯ ವ್ಯವಸ್ಥೆಯಿಂದ ಹೊಸದಕ್ಕೆ ಒಂದೇ ವಾರಾಂತ್ಯದಲ್ಲಿ ಸಾಗಿಸಿತು. ಸೋಮವಾರ ಸುಮಾರು 19 ಲಕ್ಷ ಜನರಿಗೆ ತಮ್ಮ ಖಾತೆಯನ್ನೇ ತೆರೆಯಲಾಗಲಿಲ್ಲ. 2022ರ ಡಿಸೆಂಬರಿನಲ್ಲಿ ಬ್ಯಾಂಕಿಗೆ 4 ಕೋಟಿ 86 ಲಕ್ಷ ಪೌಂಡಿಗಿಂತ ಹೆಚ್ಚು ದಂಡ ಬಿತ್ತು. ಮರುವರ್ಷ ಆಗಿನ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರಿಗೂ ವೈಯಕ್ತಿಕವಾಗಿ 81,620 ಪೌಂಡ್ ದಂಡ. ಕೆಲಸ ವಹಿಸಿಕೊಂಡ ಸಂಸ್ಥೆ ‘ನಾವು ತಯಾರು’ ಎಂದದ್ದನ್ನು ಅವರು ಸಾಕಷ್ಟು ಪರೀಕ್ಷಿಸಲಿಲ್ಲ ಎಂಬುದು ಆರೋಪದ ಸಾರ. ಕಪಾಟಿನ ಹಾರ್ಡ್‌ಡಿಸ್ಕ್ ನೆನಪಾಗುತ್ತದೆ ಅಲ್ಲವೇ? ‘ಉಂಟಲ್ಲ’ ಎಂಬ ಮಾತನ್ನು ತೆರೆದು ನೋಡಲಿಲ್ಲ, ಅಷ್ಟೇ ವ್ಯತ್ಯಾಸ.

ನಮ್ಮ ಸಹಕಾರಿ ಸಂಘಗಳ ಸರದಿಯೂ ನಡೆಯುತ್ತಿದೆ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ಬಗೆಯ ತಂತ್ರಾಂಶಕ್ಕೆ ತರಲು 2022ರ ಜೂನಿನಲ್ಲಿ ಕೇಂದ್ರ ಸಂಪುಟ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ನಿಮ್ಮ ಊರಿನ ಸಂಘದಲ್ಲಿ ಹೊಸ ಕಂಪ್ಯೂಟರ್ ಬಂದರೆ ಸಂತೋಷ. ಆದರೆ ಮಹಾಸಭೆಯಲ್ಲಿ ಕೈ ಎತ್ತಿ ಕೇಳಿ: ಹಳೆಯ ಪುಸ್ತಕದ ಬಾಕಿ, ಹೊಸ ತೆರೆಯ ಬಾಕಿ ಎರಡೂ ಒಂದೇ ಉಂಟಾ, ಯಾರು ತಾಳೆ ನೋಡಿದರು? ಪಹಣಿ ಕಂಪ್ಯೂಟರಿಗೆ ಹೋದಾಗ ಅಪ್ಪನ ಹೆಸರಿನ ಒಂದಕ್ಷರ ತಪ್ಪಿ ತಾಲೂಕು ಕಚೇರಿಗೆ ಅಲೆದವರು ನಮ್ಮಲ್ಲಿ ಕಡಿಮೆ ಇಲ್ಲ.

ಕಾನೂನಿನ ಮಾತು ಸ್ವಲ್ಪ, ಬೇಗ ಮುಗಿಸುತ್ತೇವೆ. ಜಿಎಸ್‌ಟಿ ನಂಬರ್ ಪ್ಯಾನ್‌ಗೆ ಅಂಟಿಕೊಂಡದ್ದು. ಒಬ್ಬರದೇ ಹೆಸರಿನ ಅಂಗಡಿ ಕೈ ಬದಲಾದರೆ, ಅಪ್ಪನಿಂದ ಮಗಳಿಗೆ ಬಂದರೂ ಸಹ, ನೋಂದಣಿ ಹೊಸದಾಗಿ ಆಗಬೇಕು. ಕೇಂದ್ರ ಜಿಎಸ್‌ಟಿ ಕಾಯ್ದೆಯ 85ನೇ ಕಲಮಿನ ಪ್ರಕಾರ ವ್ಯವಹಾರ ಕೊಟ್ಟವರೂ ತೆಗೆದುಕೊಂಡವರೂ ಅಲ್ಲಿಯವರೆಗಿನ ತೆರಿಗೆ, ಬಡ್ಡಿ, ದಂಡದ ಬಾಕಿಗೆ ಜಂಟಿಯಾಗಿ ಹೊಣೆ. ಲೆಕ್ಕದ ದಾಖಲೆಗಳನ್ನು ಆ ವರ್ಷದ ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಇಡಬೇಕು. ಎಂದರೆ ಆ ಮೂಲೆಯ ವಿಂಡೋಸ್ 7 ಯಂತ್ರದೊಳಗಿನ ಬಿಲ್ಲುಗಳು ನಿಮ್ಮ ತಲೆಗೂ ಬರುತ್ತವೆ. ಗುಜರಿಗೆ ಹಾಕಿದರೆ ಸಾಕ್ಷಿಯೂ ಗುಜರಿಗೆ. ಮತ್ತೆ, ಕಳ್ಳ ಕಾಪಿಯ ತಂತ್ರಾಂಶ ಎಂದು ಗೊತ್ತಿದ್ದೂ ಬಳಸಿದರೆ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಜೈಲು, ದಂಡ ಎರಡೂ ಉಂಟು. "ಎಲ್ಲರೂ ಹಾಗೇ ಮಾಡುವುದು" ಎಂದು ಹೇಳುವವರು ನಾಳೆ ನಿಮ್ಮ ಪರವಾಗಿ ಬರುವುದಿಲ್ಲ. ಹಾಗಾಗಿ ಯಾವುದಕ್ಕೆ ಲೈಸೆನ್ಸ್ ಉಂಟು, ಯಾರ ಹೆಸರಿನಲ್ಲಿ, ಯಾವ ಇಮೇಲಿನಲ್ಲಿ ಎಂದು ಒಂದೊಂದಾಗಿ ಬರೆಸಿಕೊಳ್ಳಿ.

ಈಗ ಊರಿನಲ್ಲಿ ಕಂಪ್ಯೂಟರ್ ರಿಪೇರಿ, ವರ್ಷದ ನಿರ್ವಹಣೆ ವಹಿಸಿಕೊಳ್ಳುವ ತಮ್ಮಂದಿರಿಗೆ, ತಂಗಿಯರಿಗೆ ಒಂದು ಮಾತು. ಬಿಸಿಎ ಮುಗಿಸಿ ಮಣಿಪಾಲದಲ್ಲೋ ಕಾರ್ಕಳದಲ್ಲೋ ಸಣ್ಣ ಸರ್ವಿಸ್ ಅಂಗಡಿ ಇಟ್ಟವರನ್ನು ನಾವು ಬಲ್ಲೆವು. ಒಂದು ಸಂಘವೋ ಹೋಟೆಲೋ ಕರೆದು "ವರ್ಷಕ್ಕೆ ಇಷ್ಟು ಕೊಡುತ್ತೇವೆ, ಎಲ್ಲ ನೋಡಿಕೊಳ್ಳಿ" ಎಂದ ಕೂಡಲೇ ಒಪ್ಪುತ್ತಾರೆ. ಒಪ್ಪಿದ ಮರುದಿನ ಹಾರ್ಡ್‌ಡಿಸ್ಕ್ ಸತ್ತರೆ ಹತ್ತು ವರ್ಷದ ಪಾಪವೆಲ್ಲ ಅವರ ತಲೆಗೆ. "ನೀನು ಮುಟ್ಟುವವರೆಗೆ ಸರಿ ಇತ್ತು" ಎಂಬ ಮಾತು ಕೇಳದ ರಿಪೇರಿಯವರು ಉಂಟೇ?

ಮುಟ್ಟುವ ಮೊದಲು ನೋಡಿ, ನೋಡಿದ್ದಕ್ಕೆ ಹಣ ತೆಗೆದುಕೊಳ್ಳಿ. ನಮ್ಮಲ್ಲಿ ನೋಡಿದ್ದಕ್ಕೆ ಹಣ ಕೇಳಿದರೆ ಮುಖ ಗಂಟು ಹಾಕುತ್ತಾರೆ. ಆದರೆ ಬಾವಿ ತೋಡುವ ಮೊದಲು ನೀರು ನೋಡುವವರನ್ನು ಕರೆಸಿ, ತೆಂಗಿನಕಾಯಿಯ ಜೊತೆ ದಕ್ಷಿಣೆ ಇಟ್ಟು ಕಳಿಸುತ್ತೇವಲ್ಲ! ಹಾಗೆ ನೋಡಿದ ಮೇಲೆ ಕಂಡದ್ದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಕೊಡಿ. ಇದು ಇವತ್ತು ನಡೆಯುತ್ತಿದೆ, ಇದು ಸಾಯುವ ಹಂತದಲ್ಲಿದೆ, ಇದರ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ ಎಂದು. ಮಾಲೀಕರು ಸಹಿ ಹಾಕಲಿ. ಮೊದಲ ಕೆಲಸ ಪ್ರತಿ ತೆಗೆಯುವುದು, ಎರಡನೆಯದು ಆ ಪ್ರತಿಯಿಂದ ಹತ್ತು ಫೈಲನ್ನು ಬೇರೆ ಯಂತ್ರದಲ್ಲಿ ತೆರೆದು ತೋರಿಸುವುದು. ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಬೆಂಬಲ ಮುಗಿದಿದೆ ಎಂದು ಹೆದರಿಸಿ ಹೊಸ ಪೆಟ್ಟಿಗೆ ಮಾರುವುದು ಸುಲಭ. ಇಂಟರ್ನೆಟ್ ಬೇಡದ ಯಂತ್ರ ಯಾವುದು, ಬ್ಯಾಂಕು-ಜಿಎಸ್‌ಟಿ ಕೆಲಸ ಮಾಡುವ ಯಂತ್ರ ಯಾವುದು ಎಂದು ಬೇರ್ಪಡಿಸಿ ಹೇಳಿದರೆ ಮಾಲೀಕರ ಹಣವೂ ಉಳಿಯುತ್ತದೆ, ನಿಮ್ಮ ಹೆಸರೂ ಉಳಿಯುತ್ತದೆ. ಎರಡನೆಯದನ್ನು ಬದಲಿಸಲೇಬೇಕು, ಅದರಲ್ಲಿ ನಮಗೂ ಅನುಮಾನವಿಲ್ಲ.

ವಹಿಸಿಕೊಳ್ಳುವುದಿಲ್ಲ ಎಂದು ಹೇಳುವುದೂ ಒಂದು ಉತ್ತರ. ನಮ್ಮ ಗೆಳೆಯನೊಬ್ಬ ಒಂದು ಹೋಟೆಲಿನ ಬಿಲ್ಲಿಂಗ್ ವ್ಯವಸ್ಥೆ ನೋಡಿ, ಅದನ್ನು ಬರೆದುಕೊಟ್ಟವರು ಊರು ಬಿಟ್ಟು ಹೋಗಿದ್ದಾರೆ, ಒಳಗೆ ಹೋಗುವ ದಾರಿ ಯಾರಿಗೂ ಗೊತ್ತಿಲ್ಲ ಎಂದು ಕೈಮುಗಿದು ಬಂದ. ಒಂದು ವರ್ಷದ ಆದಾಯ ಹೋಯಿತು. ರಾತ್ರಿ ನಿದ್ದೆ ಉಳಿಯಿತು.

ನಮ್ಮ ಪ್ರೆಸ್ಸಿನ ಕಥೆಗೆ ಬರೋಣ. ಕಂಡದ್ದನ್ನೆಲ್ಲ ಎರಡು ಹಾಳೆಯಲ್ಲಿ ಬರೆದು ಯಜಮಾನರಿಗೆ ಕೊಟ್ಟೆವು. ಓದಿ ಮೂರು ದಿನ ಮಾತಾಡಲಿಲ್ಲ. ನಾಲ್ಕನೇ ದಿನ ಫೋನ್ ಮಾಡಿದರು. "ಆ ಡಿಸ್ಕ್ ಖಾಲಿ ಎಂದು ನನಗೆ ಗೊತ್ತಿರಲಿಲ್ಲ ಮಾರಾಯ್ರೆ" ಎಂದರು. ದನಿಯಲ್ಲಿ ಸಿಟ್ಟು ಇರಲಿಲ್ಲ, ಬೇಸರ ಇತ್ತು.

ಆಮೇಲೆ ಮಾತು ಬೇರೆ ರೀತಿಯಲ್ಲಿ ನಡೆಯಿತು. ಗುಡ್‌ವಿಲ್ಲಿನ ಮೊತ್ತ ಇಳಿಯಿತು. ಒಂದು ನೇಮದ ಹಂಗಾಮು ಮುಗಿಯುವವರೆಗೆ ಯಜಮಾನರು, ನಾವು ಜೊತೆಯಲ್ಲಿ ನಡೆಸುವುದು, ಆಮೇಲೆ ಪೂರ್ತಿ ಹಸ್ತಾಂತರ ಎಂದಾಯಿತು. ಅಳಿಯ ಮಸ್ಕತ್ತಿನಿಂದ ಒಂದು ಶುಕ್ರವಾರ ಕೂತು ಎಲ್ಲ ಲಾಗಿನ್ನಿನ ನಂಬರ್ ಬದಲಿಸಿಕೊಟ್ಟರು. ಪ್ರೆಸ್ಸಿಗೆ ಒಂದು ಬೇರೆ ಫೋನು, ಬೇರೆ ನಂಬರ್ ಬಂತು.

ಅಕ್ಕನ ವಿಷಯದಲ್ಲಿ ನಮ್ಮೊಳಗೇ ಜಗಳವಾಯಿತು. ಸಂಬಳ ಹೆಚ್ಚು ಮಾಡಿದರೆ ಸಾಕು ಎಂದು ನಮ್ಮಲ್ಲಿ ಒಬ್ಬ. ಪಾಲುದಾರರನ್ನಾಗಿ ಮಾಡಬೇಕು ಎಂದು ಇನ್ನಿಬ್ಬರು. ಅವರನ್ನೇ ಕೇಳಿದೆವು. ಅವರು ಮೊದಲು ನಕ್ಕರು, ಯೋಚಿಸಿ ಹೇಳುತ್ತೇನೆ ಎಂದರು, ಒಂದು ವಾರ ಬಿಟ್ಟು ಬಂದರು. "ಪಾಲು ಬೇಡ, ನಷ್ಟವಾದರೆ ನನ್ನಿಂದ ಆಗುವುದಿಲ್ಲ. ಸಂಬಳ ಸರಿಯಾಗಿ ಕೊಡಿ, ರಾತ್ರಿ ಎಂಟರ ಮೇಲೆ ಫೋನ್ ನಿಮ್ಮ ಹತ್ತಿರ ಇರಲಿ." ನಾವು ಪಾಲಿನ ಬಾಗಿಲು ಮುಚ್ಚಿಲ್ಲ. ಆದರೆ ಅವರ ಲೆಕ್ಕ ನಮ್ಮ ಆದರ್ಶಕ್ಕಿಂತ ಗಟ್ಟಿಯಾಗಿತ್ತು ಎಂದು ಒಪ್ಪಬೇಕು.

ಎಕ್ಸ್‌ಪಿ ಯಂತ್ರ ಇನ್ನೂ ಅಲ್ಲೇ ಇದೆ, ವೈರ್ ತೆಗೆದೇ ಇದೆ, ಹೊಸ ಬ್ಯಾಟರಿ ಹಾಕಿದ್ದೇವೆ. ಹಾರ್ಡ್‌ಡಿಸ್ಕಿನ ಎರಡು ಪ್ರತಿ ತೆಗೆದು ಒಂದನ್ನು ಸಮುದ್ರದಿಂದ ದೂರ, ಕಾರ್ಕಳದ ಮನೆಯಲ್ಲಿ ಇಟ್ಟಿದ್ದೇವೆ. ಹೊಸ ಕಾಗದಗಳನ್ನು ಪುಕ್ಕಟೆ ಸಿಗುವ ಸ್ಕ್ರೈಬಸ್‌ನಲ್ಲಿ, ಯುನಿಕೋಡಿನಲ್ಲಿ ಮಾಡಲು ಅಕ್ಕ ಕಲಿಯುತ್ತಿದ್ದಾರೆ. ಅಕ್ಷರದ ಚೆಂದ ಹಳೆಯದರಷ್ಟು ಬರುವುದಿಲ್ಲ ಎಂಬುದು ಅವರ ದೂರು, ಅದರಲ್ಲಿ ಸತ್ಯವೂ ಉಂಟು. ಹಳೆಯ ಆಮಂತ್ರಣಗಳನ್ನು ದಿನಕ್ಕೆ ಎರಡರಂತೆ ಬದಲಿಸುತ್ತಿದ್ದೇವೆ. ಯಾವ ಮನೆ ಹೆಸರು ಯಾವ ದೈವಸ್ಥಾನದ್ದು ಎಂದು ಅಕ್ಕ ಹೇಳುತ್ತಾರೆ, ನಾವು ಒಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತೇವೆ. 2014ರವರೆಗೆ ಮುಗಿದಿದೆ. ಮಳೆಗಾಲ ಶುರುವಾದರೆ ಕರೆಂಟಿನ ಕಥೆ ನಿಮಗೆ ಗೊತ್ತೇ ಉಂಟು.